ಊರಕಟ್ಟೆಯ ಚಿತ್ರ: ಮೊದಲು ನೆರಳು, ಆಮೇಲೆ ಜನ

ಕಟ್ಟೆಯ ಚಿತ್ರ ಕಲಿಯಬೇಕು ಅಂತ ನನ್ನ ಜಗುಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲ ಹಾಳೆಯಲ್ಲೇ ಎತ್ತಿನಗಾಡಿ ಬರೆದುಕೊಂಡು ಬಂದಿರುತ್ತಾರೆ. ಗಾಡಿಯ ಪಕ್ಕ ಬಾವಿ, ಬಾವಿಯ ಪಕ್ಕ ಸೊಂಟದ ಮೇಲೆ ಕೊಡ ಇಟ್ಟ ಹೆಂಗಸು, ಹಿಂದೆ ಎರಡು ತೆಂಗಿನಮರ, ಮರಗಳ ನಡುವೆ ಮುಳುಗುವ ಸೂರ್ಯ. "ನಿಮ್ಮೂರ ಕಟ್ಟೆ ಹತ್ತಿರ ಗಾಡಿ ನಿಂತಿದ್ದನ್ನು ಕಡೆಗೆ ನೋಡಿದ್ದು ಯಾವಾಗ?" ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನೋಡಿದ್ದು ಕ್ಯಾಲೆಂಡರಿನಲ್ಲಿ.

ನಾನು ಕಾಲೇಜಿನಲ್ಲಿ ಚಿತ್ರಕಲೆ ಕಲಿತವನಲ್ಲ. ಬೋರ್ಡ್ ಪೇಂಟರ್. ಅಂಕೋಲೆ, ಕುಮಟೆ, ಗೋಕರ್ಣದ ಅಂಗಡಿ ಬೋರ್ಡು, ಲಾರಿಯ ಹಿಂದಿನ ಅಕ್ಷರ, ದೋಣಿಯ ಮೂತಿಯ ಮೇಲಿನ ಹೆಸರು, ನಾಟಕದ ಪರದೆ, ಇದರಲ್ಲೇ ಇಪ್ಪತ್ತೆಂಟು ವರ್ಷ ಕಳೆದೆ. ಫ್ಲೆಕ್ಸ್ ಬಂತು, ಒಂದೇ ಮಳೆಗಾಲ ಮುಗಿಯುವಷ್ಟರಲ್ಲಿ ಕೆಲಸ ಹೋಯಿತು. ಕೈ ಸುಮ್ಮನಿರಲಿಲ್ಲ, ಜಲವರ್ಣ ಹಿಡಿದೆ. ಅಂದಿನಿಂದ ಬರೆದದ್ದು ಹೆಚ್ಚೂಕಡಿಮೆ ಒಂದೇ ಜಾಗ: ಅಂಕೋಲೆಯಿಂದ ಗಂಗಾವಳಿ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮೂರ ಕಟ್ಟೆ. ಒಂದು ಅರಳಿಮರ, ಅದರ ಸುತ್ತ ಚಿರೇಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಕಟ್ಟೆ, ಪಶ್ಚಿಮಕ್ಕೆ ಚಾದಂಗಡಿ, ಪೂರ್ವಕ್ಕೆ ಬಸ್ಸು ನಿಲ್ಲುವ ಜಾಗ, ಉತ್ತರಕ್ಕೆ ರೇಷನ್ ಅಂಗಡಿ. ಅಷ್ಟೇ.

ಮೊದಲ ದೊಡ್ಡ ಚಿತ್ರದಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಎಂಟು ಗಂಟೆಯ ಚಿತ್ರ. ಹಾಳೆಯ ಬಲಗಡೆ ಖಾಲಿ ಖಾಲಿ ಕಾಣುತ್ತಿತ್ತು ಅಂತ ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಅಜ್ಜಿಯನ್ನು ಎತ್ತಿ ಅಲ್ಲಿ ಕೂರಿಸಿದೆ. ಬಣ್ಣ ಚೆನ್ನಾಗಿ ಬಂದಿತ್ತು, ಖುಷಿಯಲ್ಲಿ ಅಜ್ಜಿಗೇ ತೋರಿಸಿದೆ. ಅವಳು ಎಲೆಯಡಿಕೆ ಒಂದು ಕಡೆಗೆ ಒತ್ತಿಕೊಂಡು ನೋಡಿದಳು. "ಎಂತದಾ ಇದು? ಆ ರಣಬಿಸ್ಲಲ್ಲಿ ನನ್ನ ಕೂರ್ಸಿದ್ಯಲ, ಬಸಳೆಸೊಪ್ಪು ಬಾಡೂದಿಲ್ವಾ?" ಅಂದಳು. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ. ಮರದ ನೆರಳು ಪಶ್ಚಿಮಕ್ಕೆ. ಅಜ್ಜಿಯನ್ನು ನಾನು ಕೂರಿಸಿದ್ದು ಪೂರ್ವಕ್ಕೆ, ಬಿಸಿಲಿನ ಬಾಯಿಗೆ. ಸೊಪ್ಪು ಮಾರುವ ಯಾವಳೂ ಅಲ್ಲಿ ಕೂರುವುದಿಲ್ಲ.

ಆವತ್ತಿನಿಂದ ನನ್ನದು ಒಂದೇ ಪಾಠ. ನಮ್ಮ ಕಡೆಯ ಕಟ್ಟೆಯಲ್ಲಿ ಯಾರು ಎಲ್ಲಿರಬೇಕು ಅಂತ ತೀರ್ಮಾನ ಮಾಡುವುದು ಚಿತ್ರಕಾರ ಅಲ್ಲ, ನೆರಳು. ನೆರಳು ಸರಿದ ಹಾಗೆ ಜನ ಸರಿಯುತ್ತಾರೆ. ಬೆಳಿಗ್ಗೆ ನೆರಳು ಚಾದಂಗಡಿಯ ಬೆಂಚಿನ ತನಕ ಚಾಚಿರುತ್ತದೆ, ಗಂಡಸರು ಅಲ್ಲಿ. ಸಂಜೆ ಸೂರ್ಯ ಸಮುದ್ರದ ಕಡೆಗೆ ಇಳಿದಾಗ ಅದೇ ನೆರಳು ಬಸ್ಸು ನಿಲ್ಲುವ ಕಡೆಗೆ ಬೀಳುತ್ತದೆ, ಆಗ ಕಟ್ಟೆಯ ಮಾತೆಲ್ಲ ಆ ಬದಿಗೆ ಹೋಗಿರುತ್ತದೆ. ಏಪ್ರಿಲ್ ಕೊನೆಯಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂವರೆಗೆ ಲೈಟ್ ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಕೊಳ್ಳುತ್ತದೆ. ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ, ಗಡಿಯಾರದ ಸಮಯ ದೇಶದ ನಡುವಿನದ್ದು, ನಾವು ಅದರಿಂದ ತುಂಬ ಪಶ್ಚಿಮಕ್ಕಿದ್ದೇವೆ. ಆ ಹೊತ್ತಿಗೆ ಕಟ್ಟೆಯಲ್ಲಿ ಒಂದು ನಾಯಿ ಬಿಟ್ಟು ಯಾರೂ ಇರುವುದಿಲ್ಲ. ಡಿಸೆಂಬರಿನಲ್ಲಿ ಬೇರೆ ಲೆಕ್ಕ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬೆಳಿಗ್ಗೆ ಎಂಟೂಕಾಲಿಗೆ ನಿಂತ ಮನುಷ್ಯನ ನೆರಳು ಅವನ ಎತ್ತರದ ಸುಮಾರು ಮೂರು ಪಟ್ಟು ಉದ್ದ, ಅದೂ ವಾಯವ್ಯಕ್ಕೆ. ಛಳಿಯಲ್ಲಿ ಮುದುಕರು ನೆರಳು ಬಿಟ್ಟು ಬಿಸಿಲಿಗೆ ಬಂದು ಬೆನ್ನು ಕೊಟ್ಟು ಕೂತಿರುತ್ತಾರೆ. ಹಾಗಾಗಿ ತಿಂಗಳು ಯಾವುದು, ಗಂಟೆ ಎಷ್ಟು ಅಂತ ಗೊತ್ತುಮಾಡದೆ ಪೆನ್ಸಿಲ್ ಮುಟ್ಟಬೇಡಿ.

ಮೊದಲ ಮೂರು ದಿನ ಬಣ್ಣ ಒಯ್ಯಬೇಡಿ. ಹತ್ತು ರೂಪಾಯಿಯ ನೋಟ್‌ಬುಕ್ಕು, ಒಂದು ಬಾಲ್‌ಪೆನ್ನು ಸಾಕು. ಚಾದಂಗಡಿಯಲ್ಲಿ ಒಂದು ಕಷಾಯ ತೆಗೆದುಕೊಂಡು ಮೂಲೆಯಲ್ಲಿ ಕೂತುಬಿಡಿ. ಒಂದು ಪುಟದ ನಡುವೆ ಮರಕ್ಕೊಂದು ವೃತ್ತ ಹಾಕಿ, ಸುತ್ತ ಅಂಗಡಿಗಳನ್ನು ಡಬ್ಬಿಗಳ ಹಾಗೆ ಗುರುತು ಮಾಡಿ, ಅರ್ಧ ಗಂಟೆಗೊಮ್ಮೆ ನೆರಳಿನ ಅಂಚನ್ನು ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಆಮೇಲೆ ಜನರನ್ನು ಚುಕ್ಕೆ ಇಡಿ. ಮೂರನೇ ದಿನ ಆ ಪುಟ ನೋಡಿದರೆ ಚುಕ್ಕೆಗಳೆಲ್ಲ ನೆರಳಿನ ಗೆರೆಗೆ ಅಂಟಿಕೊಂಡಿರುವುದು ನಿಮಗೇ ಕಾಣುತ್ತದೆ. ಅಂಟದೇ ಇರುವ ಒಂದೆರಡು ಚುಕ್ಕೆ ಇರುತ್ತವಲ್ಲ, ಅವೇ ಚಿತ್ರದ ಕತೆ. ನಮ್ಮಲ್ಲಿ ಒಬ್ಬ ಹುಡುಗ ದಿನವೂ ಬಿಸಿಲಲ್ಲೇ ನಿಲ್ಲುತ್ತಿದ್ದ. ಯಾಕೆ ಅಂದರೆ ಇಡೀ ಕಟ್ಟೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಆ ಎರಡು ಗಜ ಜಾಗದಲ್ಲಿ ಮಾತ್ರ.

ಹಾಗೆ ಕೂತಾಗ ಊರಿನ ವೇಳಾಪಟ್ಟಿಯೂ ಸಿಗುತ್ತದೆ. ಆರೂವರೆಗೆ ಹಾಲಿನ ಕ್ಯಾನು. ಏಳಕ್ಕೆ ಮೀನಿನ ಬುಟ್ಟಿ ಇಳಿಸುವ ರಿಕ್ಷಾ, ಅದರ ಹಿಂದೆಯೇ ಬೆಕ್ಕು. ಏಳೂಮುಕ್ಕಾಲಿಗೆ ಅಂಕೋಲೆ ಬಸ್ಸು. ಬಸ್ಸಿನ ಹೊತ್ತಿಗೆ ಈಗ ಹೆಂಗಸರ ಗುಂಪೇ ದೊಡ್ಡದು. 2023ರ ಜೂನ್ 11ರಿಂದ ಅವರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಆಮೇಲೆ ಬರೆದ ನನ್ನ ಚಿತ್ರಗಳನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿದರೆ ಬಸ್ ಸ್ಟಾಪಿನ ಬಣ್ಣವೇ ಬದಲಾಗಿದೆ, ಬಿಳಿ ಲುಂಗಿ ಕಡಿಮೆ, ಸೀರೆ ಹೆಚ್ಚು. ಮೀನಿನ ವಿಷಯದಲ್ಲೂ ಹುಷಾರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಕೊಡೆ ಹಿಡಿದ ಜನರ ನಡುವೆ ತುಂಬಿ ತುಳುಕುವ ಬಂಗಡೆ ಬುಟ್ಟಿ ಬರೆದರೆ ನಮ್ಮೂರಿನ ಮೂರನೇ ಕ್ಲಾಸಿನ ಮಗುವೂ ನಗುತ್ತದೆ. ಆಗ ಬುಟ್ಟಿಯಲ್ಲಿರುವುದು ಒಣಮೀನು, ಇಲ್ಲವೇ ಹೊಳೆಮೀನು, ಸ್ವಲ್ಪವೇ.

ಇನ್ನು ಕೂರುವ ಜಾಗ. ಕಣ್ಣಮಟ್ಟ ಅಂತ ಒಂದು ಗೆರೆ ಇದೆ, ಅದು ಅರ್ಥವಾದರೆ ಅರ್ಧ ಚಿತ್ರ ಮುಗಿದ ಹಾಗೆ. ನೀವು ನಿಂತು ನೋಡುತ್ತಿದ್ದೀರಿ, ನೆಲ ಸಮತಟ್ಟಾಗಿದೆ ಅಂತಿಟ್ಟುಕೊಳ್ಳಿ. ಆಗ ನಿಮ್ಮಷ್ಟೇ ಎತ್ತರದವರು ಹತ್ತಿರವಿರಲಿ, ದೂರವಿರಲಿ, ಎಲ್ಲರ ಕಣ್ಣುಗಳೂ ಒಂದೇ ಅಡ್ಡಗೆರೆಯ ಮೇಲೆ ಬರುತ್ತವೆ. ಬದಲಾಗುವುದು ಕಾಲು ಮಾತ್ರ: ಹತ್ತಿರದವನ ಕಾಲು ಹಾಳೆಯ ಕೆಳಗೆ, ದೂರದವನದ್ದು ಮೇಲೆ. ಮಕ್ಕಳಿಗೆ ನಾನು ಬಟ್ಟೆ ಒಣಹಾಕುವ ಹಗ್ಗ ತೋರಿಸುತ್ತೇನೆ. ಪಂಚೆ, ಅಂಗಿ, ಕರವಸ್ತ್ರ ಎಲ್ಲ ಒಂದೇ ಹಗ್ಗಕ್ಕೆ ಕ್ಲಿಪ್ಪಿನಲ್ಲಿ ತೂಗಿವೆ, ಕೆಳಗಿನ ಅಂಚು ಮಾತ್ರ ಮೇಲೆ ಕೆಳಗೆ. ಕಟ್ಟೆಯ ಜನವನ್ನೂ ಹಾಗೇ ತೂಗುಹಾಕಿ. ಕಲಿಯುವವರು ಮಾಡುವುದು ಉಲ್ಟಾ. ಎಲ್ಲರ ಕಾಲನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ತಲೆಗಳನ್ನು ಏರುಪೇರು ಮಾಡುತ್ತಾರೆ, ಊರು ಶಾಲೆಯ ಗ್ರೂಪ್ ಫೋಟೊ ಆಗುತ್ತದೆ.

ಚಾದಂಗಡಿ ಬೆಂಚಿನ ಮೇಲೆ ಕೂತರೆ ಆ ಹಗ್ಗ ಕೆಳಗಿಳಿದು ನಿಂತವರ ಎದೆಯ ಹತ್ತಿರ ಹಾಯುತ್ತದೆ, ಕೂತವರು ನಿಮ್ಮ ಕಣ್ಣಿಗೆ ಸಮ. ನನಗೆ ಇಷ್ಟ ಇದೇ. ಕಟ್ಟೆ ಅಂದರೆ ಕೂರುವ ಜಾಗ ತಾನೆ, ಕೂತೇ ನೋಡಬೇಕು. ಎಲ್ಲರನ್ನೂ, ಎಲ್ಲವನ್ನೂ ತೋರಿಸಬೇಕು ಅನ್ನುವ ಆಸೆಯಿದ್ದರೆ ಮಾತ್ರ ಮಹಡಿ ಹತ್ತಿ. ಯುರೋಪಿನ ಫ್ಲಾಂಡರ್ಸಿನ ಚಿತ್ರಕಾರ ಬ್ರೂಗೆಲ್ 1560ರಲ್ಲಿ ಹಾಗೆ ಮೇಲಿಂದ ಕಂಡಂತೆ ಒಂದು ಊರಿನ ಚೌಕವನ್ನು ಬರೆದು ಅದರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದಾನೆ. ಬುಗುರಿ, ಚಕ್ರ ಓಡಿಸುವುದು, ಒಬ್ಬರ ಬೆನ್ನು ಇನ್ನೊಬ್ಬರು ಹಾರುವುದು, ನಮ್ಮ ಮಕ್ಕಳೂ ಆಡಿದ್ದೇ. ಆ ಚಿತ್ರ ವಿಯೆನ್ನಾದಲ್ಲಿದೆ, ನಾನು ನೋಡಿದ್ದು ಮಗಳ ಫೋನಿನಲ್ಲಿ, ಬೆರಳಿನಿಂದ ದೊಡ್ಡದು ಮಾಡಿ ಮಾಡಿ ಒಂದು ರಾತ್ರಿ ಪೂರ್ತಿ. ಆದರೆ ಅವನ ಊರಿಗೂ ನಮ್ಮ ಊರಿಗೂ ಬಿಸಿಲು ಬೇರೆ. ಅಲ್ಲಿ ಜನ ಚೌಕದ ತುಂಬ ಹರಡಿಕೊಂಡಿರಬಹುದು, ನಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ಹಾಗೆ ಹರಡಿದರೆ ಅಜ್ಜಿ ಮತ್ತೆ ಬೈಯುತ್ತಾಳೆ.

ಮನುಷ್ಯರನ್ನು ಬರೆಯುವಾಗ ತಲೆ ಸಣ್ಣದು ಮಾಡಿ. ಇನ್ನೂ ಸಣ್ಣದು. ದೊಡ್ಡವರ ಎತ್ತರ ಏಳು, ಏಳೂವರೆ ತಲೆಯಷ್ಟು. ಆರು ವರ್ಷದ ಮಗುವಿನದು ಹೆಚ್ಚೆಂದರೆ ಆರು ತಲೆ. ತಲೆ ದೊಡ್ಡದಾದರೆ ಊರೆಲ್ಲ ಬೊಂಬೆ. ಮುಖಕ್ಕೆ ಕಣ್ಣು ಮೂಗು ಬೇಡ, ಬೆರಳೂ ಬೇಡ, ದೂರದವರಿಗೆ ಪಾದವೂ ಬೇಡ. ಮನುಷ್ಯನನ್ನು ಗುರುತಿಸುವುದು ಹೆಗಲು ಮತ್ತು ಸೊಂಟದ ಓರೆಯಿಂದ. ನಮ್ಮೂರಲ್ಲಿ ನೂರು ಗಜ ದೂರದಿಂದಲೇ "ಅಗೋ ಅವನು ಬಂದ" ಅನ್ನುತ್ತೇವಲ್ಲ, ಮುಖ ಕಂಡು ಅನ್ನುತ್ತೇವೆಯೇ? ಬುಟ್ಟಿ ಹೊತ್ತ ಹೆಂಗಸನ್ನು ನೋಡಿ: ಕತ್ತು ಕಂಬದ ಹಾಗೆ ನೆಟ್ಟಗೆ, ಅಲ್ಲಾಡುವುದೆಲ್ಲ ಸೊಂಟದಿಂದ ಕೆಳಗೆ, ಒಂದು ಕೈ ಬುಟ್ಟಿಗೆ, ಇನ್ನೊಂದು ಕೈ ದೂರಕ್ಕೆ ಬೀಸುತ್ತದೆ. ಕತ್ತನ್ನು ಸ್ವಲ್ಪ ಬಾಗಿಸಿದಿರೋ, ಬುಟ್ಟಿ ಖಾಲಿಯಾಯಿತು.

ಯಾರೂ ನಿಮಗೋಸ್ಕರ ಅಲ್ಲಾಡದೆ ನಿಲ್ಲುವುದಿಲ್ಲ, ನಿಲ್ಲಿಸಲೂ ಬೇಡಿ. ನಿಲ್ಲಿಸಿದ ಕೂಡಲೇ ಗಂಡಸರು ಅಂಗಿ ಸರಿಮಾಡಿಕೊಂಡು ಅಟೆನ್ಷನ್ ಆಗುತ್ತಾರೆ. ಐದು ಎಣಿಸುವ ತನಕ ನೋಡಿ, ಕಣ್ಣು ಮುಚ್ಚಿ, ಮುಚ್ಚಿದ ಕಣ್ಣಿನೊಳಗೆ ಉಳಿದದ್ದನ್ನಷ್ಟೇ ಬರೆಯಿರಿ. ಅರ್ಧ ಬರೆಯುವಷ್ಟರಲ್ಲಿ ಅವನು ಎದ್ದು ಹೋದರೆ ಚಿಂತೆಯಿಲ್ಲ. ಅದೇ ನೆರಳಿಗೆ ಇನ್ನೊಬ್ಬ ಬಂದು ಅದೇ ಕಂಬಕ್ಕೆ ಹಾಗೇ ಒರಗುತ್ತಾನೆ. ಒಬ್ಬನ ತಲೆ, ಇನ್ನೊಬ್ಬನ ಕಾಲು ಸೇರಿಸಿ ನಾನು ಎಷ್ಟೋ ಜನರನ್ನು ಮಾಡಿದ್ದೇನೆ.

ಹಾಲಕ್ಕಿ ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. 2021ರ ನವೆಂಬರಿನಲ್ಲಿ ಗಿಡ ನೆಟ್ಟು ಹೆಸರಾದ ನಮ್ಮ ತಾಲೂಕಿನ ಹಾಲಕ್ಕಿ ಅಜ್ಜಿ ತುಳಸಿ ಗೌಡರು ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೊ ದೇಶವೆಲ್ಲ ಓಡಾಡಿದ ಮೇಲೆ, ಪೇಟೆಯಿಂದ ಬಂದವರಿಗೆ ಆ ಉಡುಪೇ ಒಂದು ಮೋಹ. ಕೇಳದೆ ಕ್ಯಾಮೆರಾ ಎತ್ತುತ್ತಾರೆ. ಕೇಳಿ. ಬೇಡ ಅಂದರೆ ಬಿಡಿ. ಬರೆಯುವಾಗ ಮಣಿಸರವನ್ನು ಒಂದೊಂದೇ ಮಣಿಯಾಗಿ ಪೋಣಿಸಲು ಹೋಗಬೇಡಿ. ಕತ್ತಿನಿಂದ ಎದೆಯವರೆಗೆ ಕಪ್ಪುನೀಲಿಯ ಒಂದೇ ರಾಶಿ ಹಾಕಿ, ಅದು ಒದ್ದೆಯಿರುವಾಗಲೇ ಒಂದು ಕಡೆ ಕೆಂಪು, ಒಂದು ಕಡೆ ಹಳದಿ ಬಿಟ್ಟು ಕೂಡಿಕೊಳ್ಳಲು ಬಿಡಿ. ಪೂರ್ತಿ ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ನಾಲ್ಕೇ ಕಡೆ ಚುಚ್ಚಿ ಬಿಳಿ ಎಬ್ಬಿಸಿ. ನೋಡುವವರ ಕಣ್ಣು ಉಳಿದ ಮಣಿಗಳನ್ನು ತಾನೇ ಎಣಿಸಿಕೊಳ್ಳುತ್ತದೆ.

ಕಾಗದಕ್ಕೆ ದುಡ್ಡು ಹಾಕಿ, ಬಣ್ಣಕ್ಕೆ ಕಡಿಮೆ ಹಾಕಿ. 300 ಜಿಎಸ್ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ, 11 ಇಂಚು 15 ಇಂಚು ಸಾಕು. ಬಣ್ಣ ಆರು: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಲೈಟ್ ರೆಡ್, ಅಲ್ಟ್ರಾಮರೀನ್, ಕ್ರಿಮ್ಸನ್, ಲೆಮನ್ ಯೆಲ್ಲೋ. ಕಪ್ಪು ಟ್ಯೂಬು ಮನೆಯಲ್ಲೇ ಇರಲಿ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ದಟ್ಟವಾಗಿ ಬೆರೆಸಿದರೆ ಅದಕ್ಕಿಂತ ಜೀವವಿರುವ ಕಪ್ಪು ಬರುತ್ತದೆ. ಬ್ರಷ್ಷು ದಪ್ಪದೊಂದು, ಸಣ್ಣದೊಂದು, ಮತ್ತೆ ನನ್ನ ಹಳೇ ಕಸುಬಿನ ಉದ್ದಕೂದಲಿನ ಲೈನರ್. ನೀರಿಗೆ ಎರಡು ತೆಂಗಿನ ಗರಟೆ.

ಬಣ್ಣಕ್ಕೆ ಮೊದಲು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ನಾಲ್ಕು ಚೌಕ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ ನೋಡಿ, ಬರೇ ಮೂರು ಛಾಯೆಯಲ್ಲಿ ಕಟ್ಟೆಯನ್ನು ಇಳಿಸಿ: ಬಿಳಿ, ನಡು, ಗಾಢ. ನೆರಳು ಒಂದೇ ದೊಡ್ಡ ಆಕಾರವಾಗಿ ಕಾಣಬೇಕು, ಅದರೊಳಗೆ ಜನ ಕರಗಿರಬೇಕು, ಅದರ ಅಂಚಿನಲ್ಲಿ ಒಬ್ಬಿಬ್ಬರು ಬಿಸಿಲಿಗೆ ತಲೆಯೋ ಹೆಗಲೋ ಚಾಚಿರಬೇಕು. ಬೆಂಕಿಪೆಟ್ಟಿಗೆಯಲ್ಲಿ ಚೆನ್ನಾಗಿ ಕಾಣದ್ದು ದೊಡ್ಡ ಹಾಳೆಯಲ್ಲಿ ಯಾವ ಕಾಲಕ್ಕೂ ಚೆನ್ನಾಗುವುದಿಲ್ಲ. ಚೌಕ ಒಪ್ಪಿಗೆಯಾದ ಮೇಲೆ ದೊಡ್ಡ ಹಾಳೆಗೆ ತೆಳುವಾಗಿ ಪೆನ್ಸಿಲ್ ಮಾಡಿ, ನೆರಳಿನ ಅಂಚನ್ನು ಗುರುತಿಸಿ, ಹಾಳೆಯ ಮೂಲೆಯಲ್ಲಿ ಸಮಯ ಬರೆದುಕೊಳ್ಳಿ. ಬಣ್ಣ ಹಚ್ಚುತ್ತ ಒಂದು ಗಂಟೆ ಹೋದರೆ ನೆರಳು ಎಲ್ಲೋ ಹೋಗಿರುತ್ತದೆ. ಅದರ ಹಿಂದೆ ಓಡಬೇಡಿ. ಬರೆದಿಟ್ಟ ಗಂಟೆಗೇ ನಿಷ್ಠೆ.

ಬಿಳಿಯನ್ನು ಉಳಿಸುವುದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ಸಿರ್ಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳಿಂದ. ಕಾವಿಯಲ್ಲಿ ಬಿಳಿ ಬಳಿಯುವುದಿಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಕೂರಿಸಿ, ಹಸಿಯಿರುವಾಗಲೇ ಕೆಂಪನ್ನು ಕೆರೆದು ಒಳಗಿನ ಬಿಳಿಯನ್ನು ಹೊರಗೆ ತೆಗೆಯುತ್ತಾರೆ. ಅಂದರೆ ಬಿಳಿ ಮೊದಲೇ ಅಲ್ಲಿತ್ತು. ಜಲವರ್ಣದಲ್ಲೂ ಹಾಗೇ, ಬಿಳಿ ಅಂದರೆ ಕಾಗದ. ಬೋರ್ಡ್ ಪೇಂಟರ್ ಆಗಿದ್ದಾಗ ತಪ್ಪಾದರೆ ಮೇಲೊಂದು ಬಿಳಿ ಎನಾಮೆಲ್ ಎಳೆದುಬಿಡುತ್ತಿದ್ದೆ. ಆ ಚಟ ಬಿಡಲು ನನಗೆ ಎರಡು ವರ್ಷ ಹಿಡಿಯಿತು. ಬಿಳಿ ಲುಂಗಿ, ಹಾಲಿನ ಕ್ಯಾನಿನ ಮೇಲಿನ ಮಿಂಚು, ಬಿಸಿಲು ಬಿದ್ದ ಗೋಡೆ, ಇವುಗಳನ್ನು ಮೊದಲೇ ಗುರುತು ಮಾಡಿ, ಬಣ್ಣವನ್ನು ಅವುಗಳ ಸುತ್ತಲೇ ಎಳೆದುಕೊಂಡು ಹೋಗಿ.

ಈಗ ನೆಲ. ನಮ್ಮ ಕಡೆಯ ಚಿತ್ರದಲ್ಲಿ ನೆಲ ಸರಿಯಾಗದೆ ಏನೂ ಸರಿಯಾಗುವುದಿಲ್ಲ. ಚಿರೇಕಲ್ಲಿಗೂ ನಮ್ಮ ಮಣ್ಣಿಗೂ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡು. ಟ್ಯೂಬಿನಲ್ಲಿರುವ ಲೈಟ್ ರೆಡ್, ಬರ್ನ್ಟ್ ಸಿಯೆನ್ನಾಗಳ ಮೂಲವೂ ಅದೇ, ಹಾಗಾಗಿ ಈ ಬಣ್ಣಗಳು ನಮ್ಮ ನೆಲಕ್ಕೆ ನೆಂಟರು. ಪುರುಸೊತ್ತಿದ್ದರೆ ನೀವೇ ಮಾಡಿಕೊಳ್ಳಿ: ಕಲ್ಲು ಕಡಿಯುವ ಕ್ವಾರಿಯ ನುಣ್ಣನೆಯ ಪುಡಿಯನ್ನು ನೀರಿಗೆ ಹಾಕಿ ಕದಡಿ, ಮರಳು ತಳಕ್ಕೆ ಕೂರಲು ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಬಸಿದು ಬಟ್ಟೆಯಲ್ಲಿ ಸೋಸಿ. ಆ ನೀರು ಆರಿ ಉಳಿದ ಹುಡಿಗೆ ಗೋಂದಿನ ನೀರು, ಎರಡು ಹನಿ ಜೇನುತುಪ್ಪ ಹಾಕಿ ಗಾಜಿನ ಮೇಲೆ ಅರೆಯಿರಿ. ಅಂಗಡಿಯ ಬಣ್ಣದಷ್ಟು ನಯವಿರುವುದಿಲ್ಲ. ನೆಲವೂ ನಯವಿಲ್ಲ.

ಕಟ್ಟೆಯ ಚಿರೇಕಲ್ಲಿನ ತೂತುತೂತಾದ ಮೈಗೆ ನನ್ನದೊಂದು ಉಪಾಯವಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು. ಲೈಟ್ ರೆಡ್ಡಿಗೆ ಓಕರ್ ಬೆರೆಸಿ ಕಲ್ಲಿನ ಜಾಗಕ್ಕೆ ಧಾರಾಳವಾಗಿ ಹಚ್ಚಿ. ಕಾಗದವನ್ನು ಓರೆಯಾಗಿ ಹಿಡಿದು ನೋಡುತ್ತಿರಿ: ನೀರಿನ ಹೊಳಪು ಇನ್ನೇನು ಆರಬೇಕು ಅನ್ನುವ ಗಳಿಗೆಯಲ್ಲಿ ನಾಲ್ಕಾರು ಹರಳು ಉದುರಿಸಿ. ಬೇಗ ಹಾಕಿದರೆ ಉಪ್ಪು ಕರಗಿ ಮಸುಕು ಕಲೆ, ತಡವಾದರೆ ಏನೂ ಆಗುವುದಿಲ್ಲ. ಹದಕ್ಕೆ ಬಿದ್ದರೆ ಪ್ರತಿ ಹರಳೂ ಸುತ್ತಲಿನ ಬಣ್ಣದ ನೀರನ್ನು ಕುಡಿದು ತಾನಿದ್ದಲ್ಲಿ ಒಂದು ತಿಳಿ ಗುಳಿ ಬಿಡುತ್ತದೆ, ಥೇಟ್ ಚಿರೇಕಲ್ಲು. ಪೂರ್ತಿ ಒಣಗಿದ ಮೇಲೆ ಉಪ್ಪನ್ನು ಕೆರೆದು ಉದುರಿಸಿಬಿಡಿ, ಒಂದು ಹರಳೂ ಉಳಿಯಬಾರದು, ಉಳಿದರೆ ಮಳೆಗಾಲದಲ್ಲಿ ಅದು ಗಾಳಿಯ ನೀರನ್ನೆಳೆದು ಮತ್ತೆ ಬೆವರುತ್ತದೆ. ಇಡೀ ಚಿತ್ರಕ್ಕೆ ಉಪ್ಪು ಎರಚಬೇಡಿ. ಸಾರಿಗೂ ಹಾಗೆ ಹಾಕುವುದಿಲ್ಲ.

ಕಲ್ಲು, ನೆಲ, ಗೋಡೆ ಒಣಗಿದ ಮೇಲೆ ಚಿತ್ರದ ದೊಡ್ಡ ಗಳಿಗೆ. ನೆರಳು. ಇದನ್ನು ಒಂದೇ ಉಸಿರಿನಲ್ಲಿ ಹಾಕಬೇಕು. ಅಲ್ಟ್ರಾಮರೀನಿಗೆ ಸ್ವಲ್ಪ ಕ್ರಿಮ್ಸನ್, ಚಿಟಿಕೆ ಬರ್ನ್ಟ್ ಸಿಯೆನ್ನಾ ಸೇರಿಸಿ, ಬೇಕಾದುದರ ಎರಡು ಪಟ್ಟು ಕಲಸಿಕೊಳ್ಳಿ. ನಡುವೆ ಬಣ್ಣ ಮುಗಿದರೆ ಕಲೆ ನಿಂತುಬಿಡುತ್ತದೆ. ಆ ತಿಳಿ ನೇರಳೆ ಕೆಂಪು ನೆಲದ ಮೇಲೆ ಹರಿದಾಗ ಮುರುಗಲ (ಕೋಕಂ) ಸಿಪ್ಪೆ ನೆನೆಸಿದ ನೀರಿನ ಬಣ್ಣ ಬರುತ್ತದೆ. ಬಂದರೆ ಸರಿಯಾಗಿದೆ ಅಂತ ಅರ್ಥ. ಬೂದಿಯಾದರೆ ಸಿಯೆನ್ನಾ ಹೆಚ್ಚಾಯಿತು. ಮರದಿಂದ ಶುರುಮಾಡಿ ಕಟ್ಟೆಯ ಮೇಲೆ ಇಳಿಸಿ, ಕಲ್ಲಿನ ಅಂಚಿನಲ್ಲಿ ಮುರಿದು ನೆಲಕ್ಕೆ ಹರಿಸಿ, ಕೂತವರ ಮೈಮೇಲೂ ಎಳೆದುಕೊಂಡು ಹೋಗಿ. ಜನರನ್ನು ಒಂದೊಂದಾಗಿ ಬಿಡಿಸಿ ಆಮೇಲೆ ನೆರಳು ಅಂಟಿಸಿದರೆ ಅವರು ಕತ್ತರಿಸಿ ಹಚ್ಚಿದ ಕಾಗದದ ಹಾಗೆ ಕಾಣುತ್ತಾರೆ. ಅಂಚು ಎಲ್ಲ ಕಡೆ ಒಂದೇ ಥರ ಇರಬಾರದು: ಬೆಂಚಿನ ಕಾಲಿನಂಥ, ನೆಲಕ್ಕೆ ಹತ್ತಿರದ ವಸ್ತುವಿನ ನೆರಳು ಚೂಪು, ಮೇಲಿನ ಕೊಂಬೆಯದು ಮೆತ್ತಗೆ.

ನೆರಳಿನೊಳಗೆ ಬಿಸಿಲಿನ ಚುಕ್ಕಿಗಳಿರುತ್ತವಲ್ಲ, ಅವನ್ನು ಎಲೆಯ ಆಕಾರದಲ್ಲಿ ಬರೆಯುವವರಿದ್ದಾರೆ. ತಪ್ಪು. ಎಲೆಗಳ ನಡುವಿನ ಸಣ್ಣ ಸಂದಿ ಯಾವ ಆಕಾರದಲ್ಲಿದ್ದರೂ ಕೆಳಗೆ ಬೀಳುವ ಚುಕ್ಕಿ ದುಂಡಗೇ ಇರುತ್ತದೆ, ಯಾಕೆಂದರೆ ಅದು ಸೂರ್ಯನದೇ ಬಿಂಬ. ಬಿಸಿಲು ನೆಲಕ್ಕೆ ಓರೆಯಾಗಿ ಬೀಳುವುದರಿಂದ, ನಾವೂ ಓರೆಯಾಗಿ ನೋಡುವುದರಿಂದ ಮೊಟ್ಟೆಯಾಕಾರ ಕಾಣುತ್ತದೆ, ಅಷ್ಟೇ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ನಾನು ಕಟ್ಟೆಯ ಹತ್ತಿರ ಹೋಗಿದ್ದೆ. ಊರವರೆಲ್ಲ ಮನೆಯೊಳಗೆ, ಒಂದು ನರಪಿಳ್ಳೆಯಿಲ್ಲ. ಮರದಡಿಯ ಚುಕ್ಕಿಗಳೆಲ್ಲ ಒಂದೊಂದೂ ಕುಡುಗೋಲಿನ ಆಕಾರಕ್ಕೆ ತಿರುಗಿ ನೆಲದ ಮೇಲೆ ನಡುಗುತ್ತಿದ್ದವು. ಖಾಲಿ ಕಟ್ಟೆಯನ್ನು ನಾನು ಬರೆದದ್ದು ಅದೊಂದೇ ಸಲ.

ಒಂದು ಗುಟ್ಟು. ನೆರಳು ಹಾಕಿದ ಮೇಲೆ ಬಿಳಿ ಲುಂಗಿಯ ಕೆಳಗಿನ ಅಂಚಿಗೆ, ಸುಣ್ಣದ ಗೋಡೆಯ ಬುಡಕ್ಕೆ, ಕೂತವರ ಗದ್ದದ ಅಡಿಗೆ ಬರ್ನ್ಟ್ ಸಿಯೆನ್ನಾದ ತೀರಾ ತಿಳಿ ಛಾಯೆ ಕೊಡಿ. ಕೆಂಪು ನೆಲಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಪುಟಿದು ಎಲ್ಲವನ್ನೂ ಅಡಿಯಿಂದ ಕೆಂಪಾಗಿಸುತ್ತದೆ. ಇದನ್ನು ಕೊಡುವ ತನಕ ಕಟ್ಟೆ ಬೇರೆ ಯಾವ ಊರಿನದ್ದೂ ಆಗಿರಬಹುದು. ಕೊಟ್ಟ ಮೇಲೆ ಕರಾವಳಿ.

ಹಂಚಿನ ಮಾಡನ್ನು ಹಂಚು ಹಂಚಾಗಿ ಬರೆಯಬೇಡಿ. ಒಂದು ಬಣ್ಣ ಬಳಿದು, ಪಾಚಿ ಕಟ್ಟಿದ ಕಡೆ ಕಪ್ಪುಹಸಿರು ಬಿಟ್ಟು, ಅಂಚಿನಲ್ಲಿ ನಾಲ್ಕು ಹಲ್ಲು ತೋರಿಸಿದರೆ ಸಾಕು. ಹೊಸದಾಗಿ ಹಾಕಿದ ಎರಡು ಹಂಚು ಮಾತ್ರ ಕಿತ್ತಳೆ ಇರಲಿ, ಮಂಗ ಹಾರಿ ಒಡೆದದ್ದು ಗೊತ್ತಾಗುತ್ತದೆ. ಬೋರ್ಡಿನ ಅಕ್ಷರದ ಬಗ್ಗೆ ಹೇಳುವ ಅಧಿಕಾರ ನನಗಿದೆ: ಪೂರ್ತಿ ಬರೆಯಬೇಡಿ. ಓದಲು ಬಂದರೆ ಜನ ಓದುತ್ತಾರೆ, ಚಿತ್ರ ನೋಡುವುದಿಲ್ಲ. ಕನ್ನಡದ ಅಕ್ಷರ ದುಂಡಗಿದೆ, ಮೇಲೆ ತಲೆಕಟ್ಟು ಇದೆ ಅನ್ನುವಷ್ಟು ಲಯ ಕಾಣಿಸಿ ಬಿಟ್ಟುಬಿಡಿ. ಕರೆಂಟಿನ ವೈರು, ಕೇಬಲ್ಲು ಕಡೆಯಲ್ಲಿ, ಲೈನರ್ ಬ್ರಷ್ಷಿನಲ್ಲಿ, ಕೈಯಿಂದಲ್ಲ ಭುಜದಿಂದ ಎಳೆಯಿರಿ. ಅವನ್ನು ಬಿಡಬೇಡಿ. ನೀಲಿ ಪ್ಲಾಸ್ಟಿಕ್ ಕುರ್ಚಿ, ಟಾರ್ಪಾಲು, ಬೈಕು, ರಿಚಾರ್ಜ್ ಅಂಗಡಿಯ ಕೊಡೆ ಯಾವುದನ್ನೂ "ಹಳ್ಳಿ ಅಲ್ಲ" ಅಂತ ತೆಗೆದುಹಾಕಬೇಡಿ. ಟಾರ್ಪಾಲಿನ ನೀಲಿ ನಮ್ಮ ಕೆಂಪಿನ ಪಕ್ಕ ಹಾಡುತ್ತದೆ, ನಾನಂತೂ ಅದಕ್ಕಾಗಿಯೇ ಕಾಯುತ್ತೇನೆ. ಪೇಟೆಯಲ್ಲಿ ಚಿತ್ರ ಕೊಳ್ಳುವವರೊಬ್ಬರು "ಬೈಕ್ ಅಳಿಸಿ ಎತ್ತು ಹಾಕಿಕೊಡಿ, ಜಾಸ್ತಿ ಕೊಡುತ್ತೇನೆ" ಅಂದಿದ್ದರು. ಬೈಕಿನ ಮಾಲೀಕನಿಗೆ ಏನು ಹೇಳಲಿ ಅಂತ ಕೇಳಿದೆ. ಚಿತ್ರ ಇನ್ನೂ ನನ್ನ ಬಳಿಯೇ ಇದೆ.

ಮಳೆಗಾಲದ ಕಟ್ಟೆಗೆ ಈ ಪಾಠ ಪೂರ್ತಿ ಸಲ್ಲುವುದಿಲ್ಲ. ಆಗ ನೆರಳಿನ ಜಾಗಕ್ಕೆ ಮಾಡು ಬರುತ್ತದೆ. ಜನ ಸೂರಿನ ಅಂಚಿಗೆ ಅಂಟಿಕೊಳ್ಳುತ್ತಾರೆ, ಘಟ್ಟದ ಮೇಲಿನ ಸಿರ್ಸಿ ಕಡೆಯಾದರೆ ಕಂಬಳಿಕೊಪ್ಪೆಯೂ ಕಾಣಬಹುದು. ನೆರಳು ಓರೆಯಾಗಿ ಬೀಳುತ್ತಿತ್ತು, ಒದ್ದೆ ನೆಲದ ಪ್ರತಿಬಿಂಬ ಮಾತ್ರ ಯಾವಾಗಲೂ ನೆಟ್ಟಗೆ ನಿಮ್ಮ ಕಡೆಗೇ ಇಳಿಯುತ್ತದೆ. ಒದ್ದೆ ಕಾಗದದ ಮೇಲೆ ನೇರ ಕೆಳಕ್ಕೆ ಎಳೆದು ಒಣ ಬ್ರಷ್ಷಿನಿಂದ ಒಂದೆರಡು ಅಡ್ಡಗೆರೆ ಹೊಡೆದರೆ ಆಯಿತು. ಕಷ್ಟ ಇರುವುದು ಬಣ್ಣದಲ್ಲಲ್ಲ, ಕಾಗದದಲ್ಲಿ. ಕರಾವಳಿಯಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಒಂದು ವರ್ಷ ನಾನು ಒಳ್ಳೇ ಕಾಗದದ ಕಟ್ಟನ್ನು ಅಟ್ಟದ ಮೇಲಿಟ್ಟು ಮರೆತೆ. ಗಣೇಶ ಚೌತಿ ಕಳೆದು ತೆಗೆದರೆ ಮೇಲ್ನೋಟಕ್ಕೆ ಸರಿಯಾಗೇ ಇತ್ತು, ಬಣ್ಣ ಹಚ್ಚಿದ ಕೂಡಲೇ ಒತ್ತುಕಾಗದದ ಹಾಗೆ ಹೀರಿಕೊಂಡಿತು, ಎಲ್ಲೆಲ್ಲೂ ಗಸಗಸೆಯಂಥ ಚುಕ್ಕೆ. ಬೂಷ್ಟು ಕಾಗದದ ಅಂಟನ್ನೇ ತಿಂದುಹಾಕಿತ್ತು. ಈಗ ಕಾಗದವನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಔಷಧದ ಬಾಟಲಿಗಳಲ್ಲಿ ಬರುವ ಸಿಲಿಕಾ ಪುಡಿಕೆಗಳನ್ನು ಕೂಡಿಹಾಕಿ ಇಡುತ್ತೇನೆ. ಗೋಡೆಗೆ ತೂಗಿದ ಚಿತ್ರಕ್ಕೂ ಗಾಜಿಗೂ ನಡುವೆ ಸಂದಿ ಇರಲಿ, ಗಾಜಿಗೆ ಅಂಟಿದರೆ ಕೀಳುವಾಗ ಬಣ್ಣವೂ ಬರುತ್ತದೆ.

ಹೆಸರು ಹಾಕುವುದಾದರೆ ಚಿತ್ರದ ಮೂಲೆಯಲ್ಲಿ ದೊಡ್ಡದಾಗಿ ಬೇಡ. ನಾನು ಚಾದಂಗಡಿಯ ಬೋರ್ಡಿನ ಬಲತುದಿಯಲ್ಲಿ, ನಿಜವಾದ ಬೋರ್ಡಿನ ಮೇಲೆ ಹಾಕುತ್ತಿದ್ದ ಹಾಗೇ, ಎರಡು ಅಕ್ಷರ ಹಾಕುತ್ತೇನೆ.

ಮುಗಿದ ಮೇಲೆ ಕೂಡಲೇ ಫ್ರೇಮ್ ಹಾಕಿಸಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚಾದಂಗಡಿಯ ಗೋಡೆಗೆ ಒಂದು ವಾರ ತೂಗಿಬಿಡಿ. ಬನ್ಸ್ ತಿನ್ನುತ್ತ ಒಬ್ಬ ಅನ್ನುತ್ತಾನೆ ಬಸ್ಸು ಆ ಕಡೆ ಮುಖ ಮಾಡಿ ನಿಲ್ಲುವುದಿಲ್ಲ ಅಂತ. ಇನ್ನೊಬ್ಬ ಅನ್ನುತ್ತಾನೆ ಆ ಹೊತ್ತಿಗೆ ರೇಷನ್ ಅಂಗಡಿ ಬಾಗಿಲೇ ತೆಗೆದಿರುವುದಿಲ್ಲ ಅಂತ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸಣ್ಣ ತಪ್ಪಾದರೆ ಒದ್ದೆ ಬ್ರಷ್ಷಿನಿಂದ ಮೆತ್ತಗೆ ಉಜ್ಜಿ, ಬಟ್ಟೆಯಲ್ಲಿ ಒತ್ತಿ ಎತ್ತಿ, ಒಣಗಿದ ಮೇಲೆ ತಿದ್ದಬಹುದು. ದೊಡ್ಡದಾದರೆ ಹೊಸ ಹಾಳೆ. ಹೋದ ತಿಂಗಳು ತೂಗಿದ್ದಕ್ಕೆ ಆರು ದಿನ ಯಾರೂ ಏನೂ ಅನ್ನಲಿಲ್ಲ. ಏಳನೇ ದಿನ ಅಜ್ಜಿ ಸೊಪ್ಪಿನ ಬುಟ್ಟಿ ಇಳಿಸಿ, ಹತ್ತಿರ ಹೋಗಿ, ತಾನು ಕೂತ ಜಾಗ ನೋಡಿಕೊಂಡಳು. ಆಮೇಲೆ ಬೆರಳಿಟ್ಟು ತೋರಿಸಿದಳು: ನಾಯಿ ಬಿಸಿಲಲ್ಲಿ ಮಲಗಿತ್ತು.